ಮೂರು ಬಚ್ಚಲು, ಬೋರ್ ನೀರು: ಯಾವ ಗೀಸರ್, ಎಷ್ಟು ಲೀಟರ್?

ಪ್ರಶ್ನೆ: ದಾವಣಗೆರೆ ನಿಟ್ಟುವಳ್ಳಿ ಕಡೆ ಮನೆ ಕಟ್ತಿದೀವಿ ಸರ್. ಕೆಳಗೆ ಒಂದು, ಮೇಲೆ ಎರಡು, ಒಟ್ಟು ಮೂರು ಬಚ್ಚಲು. ನಾನು, ಯಜಮಾನ್ರು, ಅತ್ತೆ, ಮೈದುನ, ಇಬ್ರು ಮಕ್ಕಳು, ಆರು ಜನ. ಎಲ್ರದ್ದೂ ಬಕೆಟ್ ಸ್ನಾನಾನೇ. ಕಾರ್ಪೊರೇಷನ್ ನೀರು ದಿನಾ ಬರಲ್ಲ, ಬೋರ್ ನೀರೇ ಜಾಸ್ತಿ, ಬಕೆಟ್ ಮೇಲೆಲ್ಲ ಬಿಳಿ ಪೊರೆ ಕಟ್ಟುತ್ತೆ. ಈಗಿರೋ ಬಾಡಿಗೆ ಮನೇಲಿ 15 ಲೀಟರ್ ಗೀಸರ್‌ದು ಕಾಯಿಲ್ ಐದು ವರ್ಷದಲ್ಲಿ ಮೂರು ಸಲ ಸುಟ್ಟಿದೆ. ಹೊಸ ಮನೆಗೆ ಎಲೆಕ್ಟ್ರಿಷಿಯನ್ ಮೂರು ಬಚ್ಚಲಿಗೂ 25 ಲೀಟರ್ ಗೀಸರ್ ಅಂತಾರೆ, ಸೋಲಾರ್ ಅಂಗಡಿಯವರು 300 ಲೀಟರ್ ಬೇಕೇ ಬೇಕು ಅಂತಾರೆ, ಇಂಗ್ಲೆಂಡಲ್ಲಿರೋ ನನ್ನ ತಮ್ಮ ಅವ್ರ ಮನೇಲಿರೋ ತರ 30 ಕಿಲೋವ್ಯಾಟ್ ಬಾಯ್ಲರ್ ಒಂದು ಹಾಕ್ಸಿದ್ರೆ ಇಡೀ ಮನೆಗೆ ಸಾಕು ಅಂತಾನೆ. ಅತ್ತೆಗೆ ಹಿತ್ತಲಲ್ಲಿ ನೀರೊಲೆ ಬೇಕಂತೆ, ಅವ್ರು ಬೆಳಗ್ಗೆ 5 ಗಂಟೆಗೆ ಸ್ನಾನ ಮಾಡೋರು. ಒಬ್ಬೊಬ್ರು ಒಂದೊಂದು ಹೇಳಿ ತಲೆ ಕೆಟ್ಟೋಗಿದೆ. ಗೋಡೆ ಪ್ಲಾಸ್ಟರ್ ಇನ್ನೂ ಆಗಿಲ್ಲ. ಏನು ಮಾಡೋದು?

ಉತ್ತರ: ಅಕ್ಕಾರೆ, ಪ್ಲಾಸ್ಟರ್ ಆಗೋಕೆ ಮುಂಚೆ ಕೇಳಿದ್ದು ಭಾಳ ಒಳ್ಳೇದಾಯ್ತು. ನನ್ನತ್ರ ಬರೋರಲ್ಲಿ ಮುಕ್ಕಾಲು ಜನ ಟೈಲ್ಸ್ ಎಲ್ಲಾ ಹಾಕ್ಸಿ, ಗೃಹಪ್ರವೇಶ ಮುಗಿಸಿ, ಮೊದಲ್ನೇ ಚಳಿಗಾಲಕ್ಕೆ ಫೋನ್ ಮಾಡ್ತಾರೆ. ಆಗ ಪೈಪ್ ಬದಲಾಯಿಸೋಕೆ ಹೋದ್ರೆ ಗೋಡೆ ಒಡೀಬೇಕು. ನೀವು ಈಗ್ಲೇ ಕೇಳಿರೋದ್ರಿಂದ ಒಂದು ಮಾತು ಮೊದ್ಲೇ ಹೇಳಿಬಿಡ್ತೀನಿ, ಗೀಸರ್ ಯಾವ್ದು ಅಂತ ಆಮೇಲೆ ನೋಡೋಣ, ಮೊದ್ಲು ಅದರೊಳಗೆ ಹೋಗೋ ನೀರು ಯಾವ್ದು ಅಂತ ತೀರ್ಮಾನ ಮಾಡ್ರಿ. ನಿಮ್ ಕಾಯಿಲ್ ಮೂರು ಸಲ ಸುಟ್ಟಿದ್ದು ಲೀಟರ್ ಕಮ್ಮಿ ಆಗಿದ್ದಕ್ಕಲ್ಲ, ಕಂಪನಿ ಸರಿ ಇಲ್ಲದ್ದಕ್ಕೂ ಅಲ್ಲ. ನೀರಿಗೆ.

ತಮ್ಮ ಹೇಳಿದ್ದನ್ನ ಮೊದ್ಲು ನೋಡೋಣ, ಯಾಕಂದ್ರೆ ಅವ್ರ ಊರಿಗೆ ಅದು ಸರಿಯಾದ ಮಾತೇ. ಅಲ್ಲಿ ಆ ಬಾಯ್ಲರ್ ಎರಡು ಕೆಲಸ ಮಾಡುತ್ತೆ, ರೂಮಲ್ಲಿ ಗೋಡೆಗಿಟ್ಟಿರೋ ರೇಡಿಯೇಟರಿಗೆ ಬಿಸಿನೀರು ಕಳ್ಸಿ ಮನೆ ಬೆಚ್ಚಗಿಡೋದು ಒಂದು, ನಲ್ಲಿ ತಿರುಗಿಸಿದ ತಕ್ಷಣ ಸ್ನಾನಕ್ಕೆ ಬಿಸಿನೀರು ಕೊಡೋದು ಇನ್ನೊಂದು. ಅವ್ರ ಬೀದೀಲಿ ಪೈಪಲ್ಲಿ ಗ್ಯಾಸ್ ಬರುತ್ತೆ. 30 ಕಿಲೋವ್ಯಾಟ್ ಅನ್ನೋ ದೊಡ್ಡ ನಂಬರ್ ಬರೋದು ರೂಮು ಬಿಸಿ ಮಾಡೋಕಲ್ಲ, ಅದಕ್ಕೆ ಸಾಧಾರಣ ಮನೇಲಿ ಅದರ ಮೂರನೇ ಒಂದು ಪಾಲು ಸಾಕು, ಅಷ್ಟು ಬೇಕಾಗೋದು ಸ್ನಾನದ ನೀರಿಗೆ. ಚಳಿಗಾಲದಲ್ಲಿ ಅಲ್ಲಿ ನಲ್ಲಿಗೆ ಬರೋ ನೀರು 7-8 ಡಿಗ್ರಿ ಇರುತ್ತೆ, ಟ್ಯಾಂಕಲ್ಲಿ ಶೇಖರಿಸದೆ ಓಡ್ತಾ ಇರೋ ನೀರನ್ನೇ 42 ಡಿಗ್ರಿಗೆ ಏರಿಸಬೇಕು, ಅಂದ್ರೆ 35 ಡಿಗ್ರಿ ಏರಿಕೆ, ಆ ಲೆಕ್ಕಕ್ಕೆ 30 ಕಿಲೋವ್ಯಾಟ್ ಇದ್ರೂ ನಿಮಿಷಕ್ಕೆ ಸುಮಾರು 12 ಲೀಟರ್ ಮಾತ್ರ ಬರುತ್ತೆ. ಅಲ್ಲೂ ಬೇಕಾಬಿಟ್ಟಿ ದೊಡ್ಡದು ಹಾಕಿದ್ರೆ ಬಾಯ್ಲರ್ ಹತ್ಕೊಳ್ಳೋದು ಆರೋದು, ಹತ್ಕೊಳ್ಳೋದು ಆರೋದು ಮಾಡ್ತಾ ಗ್ಯಾಸೂ ಹಾಳು, ಮಶೀನೂ ಬೇಗ ಸವೆಯುತ್ತೆ. ನಮ್ಮೂರಲ್ಲಿ ಜನವರಿ ಬೆಳಗಿನ ಜಾವದಲ್ಲೂ ನಾನು ಓವರ್‌ಹೆಡ್ ಟ್ಯಾಂಕಿಗೆ ಥರ್ಮಾಮೀಟರ್ ಬಿಟ್ಟು ನೋಡಿದಾಗೆಲ್ಲ 20ರ ಆಸುಪಾಸು ಇರುತ್ತೆ, ಏರಿಸಬೇಕಾಗಿರೋದು 22 ಡಿಗ್ರಿ. ರೂಮು ಬೆಚ್ಚಗೆ ಮಾಡೋ ಪ್ರಶ್ನೆನೇ ಇಲ್ಲ. ಅದೇ 30 ಕಿಲೋವ್ಯಾಟನ್ನ ಕರೆಂಟಲ್ಲಿ ಮಾಡ್ತೀನಿ ಅಂದ್ರೆ ಸಿಂಗಲ್ ಫೇಸಲ್ಲಿ 130 ಆಂಪಿಯರ್ ಬೇಕು, ಯಾವ ಮನೆ ಮೀಟರೂ ತಡ್ಕೊಳ್ಳಲ್ಲ. ಹಂಗಾಗಿ ಅದನ್ನ ಬಿಟ್ಬಿಡ್ರಿ, ತಮ್ಮಂಗೆ ನೀರಿನ ಡಿಗ್ರಿ ಲೆಕ್ಕ ಹೇಳ್ರಿ, ಅರ್ಥ ಆಗುತ್ತೆ.

ಈಗ ಅಳತೆ. ಮನೇಲಿ ಎಷ್ಟು ಜನ ಅಂತ ಕೇಳಿ ಲೀಟರ್ ಹೇಳೋರನ್ನ ನಂಬಬ್ಯಾಡ್ರಿ. ಕೇಳಬೇಕಾಗಿರೋದು, ಬೆಳಗ್ಗೆ ಅತಿ ಗಡಿಬಿಡಿ ಇರೋ ಅರ್ಧ ಗಂಟೇಲಿ ಒಂದೇ ಬಚ್ಚಲಲ್ಲಿ ಎಷ್ಟು ಬಕೆಟ್ ಬೇಕು ಅಂತ. ನಮ್ಮ ಬಕೆಟ್ 20 ಲೀಟರ್, ಹದವಾದ ಬಿಸಿ ಅಂದ್ರೆ 42 ಡಿಗ್ರಿ. ಗೀಸರ್ ಒಳಗೆ 60 ಡಿಗ್ರಿ ನೀರಿದ್ದು ಟ್ಯಾಂಕಲ್ಲಿ 20 ಡಿಗ್ರಿ ತಣ್ಣೀರಿದ್ರೆ ಒಂದು ಬಕೆಟ್ ಹದ ಮಾಡೋಕೆ 11 ಲೀಟರ್ ಬಿಸಿನೀರು ಸಾಕು, ಉಳಿದ 9 ಲೀಟರ್ ತಣ್ಣೀರೇ. ಅಂದ್ರೆ 15 ಲೀಟರಿಂದು ಒಂದು ಬಕೆಟ್ಟು ಚೂರು, 25 ಲೀಟರಿಂದು ಎರಡು ಬಕೆಟ್, ಅದಕ್ಕಿಂತ ಜಾಸ್ತಿ ಇಲ್ಲ, ಬಿಸಿನೀರು ಖಾಲಿಯಾಗ್ತಿದ್ದಂಗೆ ಕೆಳಗಿಂದ ತಣ್ಣೀರು ತುಂಬ್ಕೊಳ್ಳುತ್ತಲ್ಲ, ಕೊನೇ ಒಂದಿಷ್ಟು ಬೆಚ್ಚಗಷ್ಟೇ ಬರುತ್ತೆ. ಮತ್ತೆ 25 ಲೀಟರ್ ಕಾಯೋಕೆ 2 ಕಿಲೋವ್ಯಾಟ್ ಕಾಯಿಲಿಗೆ ಸುಮಾರು 35 ನಿಮಿಷ. ಮಕ್ಕಳು ಸ್ಕೂಲಿಗೆ ಹೋಗೋ ಹೊತ್ತಲ್ಲಿ ಮೇಲಿನ ಬಚ್ಚಲಲ್ಲಿ ಒಬ್ರಾದ್ಮೇಲೆ ಒಬ್ರು ಹೋಗ್ತಾರೆ, ಅಲ್ಲಿಗೆ 25 ಬೇಕು. ಅತ್ತೆ ಒಬ್ರೇ 5 ಗಂಟೆಗೆ ಮಾಡೋದು, ಅವ್ರಿಗೆ 15 ಧಾರಾಳ. ಮೂರಕ್ಕೂ 25 ಯಾಕೆ? ಇನ್ನೊಂದು, ಮುಂದೆ ಶವರ್ ಹಾಕ್ಸೋ ಯೋಚನೆ ಇದ್ರೆ ಈ ಲೆಕ್ಕವೆಲ್ಲ ಉಲ್ಟಾ, ನಿಮಿಷಕ್ಕೆ 8-10 ಲೀಟರ್ ಹೋಗೋ ಶವರ್ ಕೆಳಗೆ ಆರು ನಿಮಿಷ ನಿಂತ್ರೆ ಎರಡೂವರೆ ಮೂರು ಬಕೆಟ್ ಮುಗೀತು.

ಆ ಚಿಕ್ಕ 3 ಲೀಟರ್ ಇನ್‌ಸ್ಟಂಟ್ ಗೀಸರ್ ಬಗ್ಗೆ ಯಾರಾದ್ರೂ ಹೇಳೇ ಹೇಳ್ತಾರೆ. 3 ಕಿಲೋವ್ಯಾಟ್ ಇರುತ್ತೆ, 22 ಡಿಗ್ರಿ ಏರ್ಸೋಕೆ ನಿಮಿಷಕ್ಕೆ ಎರಡು ಲೀಟರ್ ಅಷ್ಟೇ ಕೊಡೋಕಾಗೋದು, ಒಂದು ಬಕೆಟ್ ತುಂಬೋಕೆ ಹತ್ತು ನಿಮಿಷ. ಅಡುಗೆಮನೆ ಸಿಂಕಿಗೆ ಚೆನ್ನಾಗಿರುತ್ತೆ. ನಿಮ್ಮ ಬೋರ್ ನೀರಿಗಂತೂ ಬ್ಯಾಡ, ಚಿಕ್ಕ ಜಾಗದಲ್ಲಿ ಅಷ್ಟು ಬಿಸಿ ಅಂದ್ರೆ ಪೊರೆ ಇನ್ನೂ ಬೇಗ ಕಟ್ಟುತ್ತೆ.

ಈಗ ನೀರಿನ ವಿಷಯಕ್ಕೆ ಬರ್ತೀನಿ, ಇದನ್ನ ಸ್ವಲ್ಪ ನಿಧಾನಕ್ಕೆ ಓದ್ರಿ.

ನಮ್ಮಲ್ಲಿ ಎಲ್ಲಾದಕ್ಕೂ ಸವಳು ನೀರು ಅಂದ್ಬಿಡ್ತಾರೆ. ಅದರಲ್ಲಿ ಎರಡು ಜಾತಿ ಇದೆ. ಒಂದು ಗಡಸು ನೀರು, ಸೋಪು ನೊರೆ ಬರಲ್ಲ, ಪಾತ್ರೆ ತಳದಲ್ಲಿ ಬಿಳಿ ಸುಣ್ಣ ಕೂರುತ್ತೆ, ಬೇಳೆ ಬೇಯಲ್ಲ. ಇನ್ನೊಂದು ಉಪ್ಪು ನೀರು, ಬಾಯಿಗೆ ಹಾಕಿದ್ರೆ ಗೊತ್ತಾಗುತ್ತೆ. ಗಡಸು ನೀರು ಕಾಯಿಲ್ ತಿನ್ನುತ್ತೆ, ಉಪ್ಪು ನೀರು ಟ್ಯಾಂಕ್ ತಿನ್ನುತ್ತೆ. ಗಡಸು ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಕರಗಿರುತ್ತೆ, ತಣ್ಣಗಿದ್ದಾಗ ತೆಪ್ಪಗಿರುತ್ತೆ, ನೀರು ಬಿಸಿಯಾದ್ರೆ ಅದರೊಳಗೆ ಕರಗಿರೋ ಕಾರ್ಬನ್ ಡೈಆಕ್ಸೈಡ್ ಹೊರಗೋಗಿ ಕ್ಯಾಲ್ಸಿಯಂ ಸುಣ್ಣದಕಲ್ಲಾಗಿ ಎಲ್ಲಿ ಅತಿ ಬಿಸಿ ಇದೆಯೋ ಅಲ್ಲೇ ಅಂಟ್ಕೊಳ್ಳುತ್ತೆ, ಅಂದ್ರೆ ಸೀದಾ ಕಾಯಿಲ್ ಮೇಲೇನೇ. 60 ಡಿಗ್ರಿ ದಾಟಿದ್ಮೇಲೆ ಇನ್ನೂ ಜೋರು. ಒಂದು ಲೆಕ್ಕ ನೋಡ್ರಿ, ಲೀಟರಿಗೆ 600 ಮಿಲಿಗ್ರಾಂ ಗಡಸುತನ ಇರೋ ನೀರು ದಿನಕ್ಕೆ 30 ಲೀಟರ್ ಗೀಸರಲ್ಲಿ ಹಾದು ಹೋದ್ರೆ ವರ್ಷಕ್ಕೆ ಆರೂವರೆ ಕೆಜಿ ಸುಣ್ಣ ಹಾದು ಹೋದಂಗೆ, ಅದರಲ್ಲಿ ಹತ್ತನೇ ಒಂದು ಪಾಲು ಒಳಗೆ ಕೂತ್ರೂ ಅರ್ಧ ಕೆಜಿಗಿಂತ ಜಾಸ್ತಿ. ಚಿತ್ರದುರ್ಗದ ತುರುವನೂರು ರಸ್ತೆ ಕಡೆ ಒಂದು ಮನೇಲಿ ನಾಲ್ಕು ವರ್ಷ ಮುಟ್ಟದೇ ಇದ್ದ 25 ಲೀಟರ್ ಗೀಸರ್ ಬಿಚ್ಚಿದಾಗ ಅರ್ಧ ಬಕೆಟ್ ಚಕ್ಕೆ ಬಂತು, ಕಾಯಿಲ್ ಯಾವ್ದು ಕಲ್ಲು ಯಾವ್ದು ಗೊತ್ತಾಗ್ತಿರ್ಲಿಲ್ಲ.

ಪೊರೆ ಕಟ್ಟಿದ್ರೆ ಕರೆಂಟ್ ಬಿಲ್ ಡಬಲ್ ಆಗುತ್ತೆ ಅಂತ ಹೇಳೋರಿದಾರೆ, ಕರೆಂಟ್ ಗೀಸರಲ್ಲಿ ಅದು ಅಷ್ಟು ನಿಜ ಅಲ್ಲ. ಕಾಯಿಲ್ ನೀರೊಳಗೇ ಮುಳುಗಿರುತ್ತಲ್ಲ, ಬಿಸಿ ಬೇರೆ ಎಲ್ಲಿಗೂ ಹೋಗೋಕೆ ದಾರಿ ಇಲ್ಲ, ನಿಧಾನಕ್ಕಾದ್ರೂ ನೀರಿಗೇ ಹೋಗುತ್ತೆ. ಆದ್ರೆ ಸುಣ್ಣದ ಕವಚದೊಳಗೆ ಕಾಯಿಲ್ ವಿಪರೀತ ಕಾದು ಒಂದಿನ ಸುಟ್ಟೋಗುತ್ತೆ, ನಿಮ್ಮನೇಲಿ ಮೂರು ಸಲ ಆಗಿದ್ದು ಅದೇ. ಗ್ಯಾಸ್ ಗೀಸರ್, ತಾಮ್ರದ ಪ್ಯಾನೆಲ್ ಸೋಲಾರಲ್ಲಿ ಮಾತ್ರ ಪೊರೆ ಕಟ್ಟಿದಷ್ಟೂ ಬಿಸಿ ನಿಜವಾಗ್ಲೂ ನಷ್ಟ ಆಗುತ್ತೆ. ಇನ್ನೊಂದು ತಪ್ಪು ತಿಳುವಳಿಕೆ, ವಾಟರ್ ಫಿಲ್ಟರ್ ಮಾರೋರು ತೋರ್ಸೋ ಪೆನ್ನಿನಂತ ಟಿಡಿಎಸ್ ಮೀಟರ್ ಗಡಸುತನ ಹೇಳುತ್ತೆ ಅನ್ನೋದು. ಅದು ಕರಗಿರೋ ಎಲ್ಲಾನೂ ಸೇರ್ಸಿ ಒಂದು ನಂಬರ್ ಕೊಡುತ್ತೆ ಅಷ್ಟೇ, ಅದರಲ್ಲಿ ಸುಣ್ಣ ಎಷ್ಟು ಉಪ್ಪು ಎಷ್ಟು ಗೊತ್ತಾಗಲ್ಲ. ಗಡಸುತನಕ್ಕೆ ಹನಿ ಹಾಕಿ ಬಣ್ಣ ಬದಲಾಗೋದನ್ನ ನೋಡೋ ಬೇರೆ ಕಿಟ್ ಇದೆ, ಲ್ಯಾಬಲ್ಲೂ ಮಾಡ್ತಾರೆ, ಹಾರ್ಡ್‌ನೆಸ್ಸು (ಗಡಸುತನ) ಕ್ಲೋರೈಡು (ಉಪ್ಪಿನಂಶ) ಎರಡೂ ಬರೆದು ಕೊಡಿ ಅಂತ ಕೇಳ್ರಿ. ಕುಡಿಯೋ ನೀರಿಗೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್ ಹೇಳೋ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ. ಗೀಸರಿಗೆ ಅಂತ ನಾನು 300 ದಾಟಿದ್ರೇ ಹುಷಾರಾಗಿ ಅಂತೀನಿ.

ಪೈಪಿಗೆ ಕಟ್ಟೋ ಅಯಸ್ಕಾಂತದ ಸಾಧನ ಮಾರೋಕೆ ಬರ್ತಾರೆ. ಅದನ್ನ ಕಟ್ಟಿದ ಮನೆಗಳ ಗೀಸರೂ ನಾನು ಬಿಚ್ಚಿದೀನಿ, ವ್ಯತ್ಯಾಸ ನನ್ ಕಣ್ಣಿಗೆ ಕಂಡಿಲ್ಲ, ದುಡ್ಡು ಹಾಕಿ ಅಂತ ನಾನು ಹೇಳಲ್ಲ. ಸಾಫ್ಟ್‌ನರ್ ಕೆಲಸ ಮಾಡುತ್ತೆ, ಅದು ಸುಣ್ಣ ತಗೊಂಡು ಸೋಡಿಯಂ ಬಿಡುತ್ತೆ, ಆದ್ರೆ ಹೊತ್ತಿಗೆ ಸರಿಯಾಗಿ ಉಪ್ಪು ಹಾಕ್ತಾ ತೊಳೀತಾ ಇರಬೇಕು, ಉಪ್ಪು ಹಾಕೋದು ಮರೆತ ಮನೇಲಿ ಅದು ಬರೀ ಒಂದು ಡಬ್ಬ.

ಇದಕ್ಕೆಲ್ಲ ಮುಂಚೆ ನಿಮ್ಮತ್ರ ಒಂದು ಸುಲಭದ ದಾರಿ ಇದೆ, ಮನೆ ಕಟ್ತಾ ಇರೋದ್ರಿಂದ ಮಾತ್ರ ಸಾಧ್ಯ ಇರೋದು. ಕಾರ್ಪೊರೇಷನ್ ನೀರು ತುಂಗಭದ್ರೆದು, ಭದ್ರಾ ಕಾಲುವೆ ಕೆರೆಗಳದ್ದು, ಬೋರಿಗೆ ಹೋಲಿಸಿದ್ರೆ ಭಾಳ ಮೆದು. ಆರು ಜನಕ್ಕೆ ತಲಾ ಒಂದೂವರೆ ಬಕೆಟ್ ಅಂದ್ರೆ 180 ಲೀಟರ್ ಹದವಾದ ನೀರು, ಅದರಲ್ಲಿ 60 ಡಿಗ್ರಿ ಬಿಸಿನೀರು 100 ಲೀಟರ್ ಮಾತ್ರ. ಅಂದ್ರೆ ಗೀಸರ್, ಸೋಲಾರ್ ಒಳಗೆ ದಿನಕ್ಕೆ ಹೋಗೋದು 100 ಲೀಟರ್! ಇಷ್ಟಕ್ಕೆ ಮಹಡಿ ಮೇಲೆ 500 ಲೀಟರಿನ ಬೇರೆ ಟ್ಯಾಂಕ್ ಒಂದಿಟ್ಟು, ಕಾರ್ಪೊರೇಷನ್ ನೀರು ಬಂದ ದಿನ ಅದಕ್ಕೆ ಮೊದ್ಲು ತುಂಬ್ಸಿ, ಬಿಸಿನೀರಿನ ಲೈನಿಗೆ ಮಾತ್ರ ಅದರಿಂದ ಕೊಟ್ರೆ ನಾಲ್ಕೈದು ದಿನ ಬರುತ್ತೆ. ತಣ್ಣೀರು ನಲ್ಲಿ, ಫ್ಲಷ್, ಬಟ್ಟೆ ಎಲ್ಲಾ ಬೋರಲ್ಲೇ ಇರ್ಲಿ. ಎರಡು ಎಚ್ಚರ. ಎರಡೂ ಟ್ಯಾಂಕ್ ಒಂದೇ ಮಟ್ಟದಲ್ಲಿರಬೇಕು, ಬಿಸಿ ತಣ್ಣೀರು ಸೇರೋ ಮಿಕ್ಸರ್ ನಲ್ಲಿ ಇಟ್ರೆ ಒಂದು ಲೈನಿನ ನೀರು ಇನ್ನೊಂದಕ್ಕೆ ನುಗ್ಗದಂಗೆ ನಾನ್ ರಿಟರ್ನ್ ವಾಲ್ವ್ ಹಾಕ್ಸಬೇಕು, ಬಕೆಟ್ ಸ್ನಾನಕ್ಕೆ ಬೇರೆ ಬೇರೆ ನಲ್ಲಿ ಇಟ್ರೆ ಈ ತೊಂದ್ರೆನೇ ಇಲ್ಲ. ಎರಡನೇದು, ಆ ಟ್ಯಾಂಕ್ ಖಾಲಿ ಆಗೋಕೆ ಬಿಡಬಾರ್ದು, ಕಾರ್ಪೊರೇಷನ್ ನೀರು ತಡ ಆದ್ರೆ ಒಂದು ವಾಲ್ವ್ ತಿರುಗಿಸಿ ಬೋರ್ ನೀರು ಬಿಡೋ ಹಂಗೆ ದಾರಿ ಇಟ್ಕೊಳ್ರಿ.

ಖಾಲಿ ಆಗಬಾರ್ದು ಅಂದಿದ್ದು ಯಾಕಂದ್ರೆ ಸೋಲಾರಿಂದ. ನಿಮಗೆ ಗಾಜಿನ ಟ್ಯೂಬಿನ ಸೋಲಾರೇ ಸರಿ, ತಾಮ್ರದ ಪ್ಯಾನೆಲ್ಲಿನ ಸಣ್ಣ ಕೊಳವೆ ಗಡಸು ನೀರಿಗೆ ಕಟ್ಕೊಂಡ್ಬಿಡುತ್ತೆ, ಗಾಜಿನ ಟ್ಯೂಬಲ್ಲಿ ಸುಣ್ಣ ತಳಕ್ಕೆ ಕೂರುತ್ತೆ, ಬಿಚ್ಚಿ ತೊಳೀಬಹುದು. ಆದ್ರೆ ಬಿಸಿಲಲ್ಲಿ ನೀರಿಲ್ಲದೆ ಒಣಗಿರೋ ಟ್ಯೂಬ್ 150 ಡಿಗ್ರಿ ದಾಟಿ ಕಾದಿರುತ್ತೆ, ಮಧ್ಯಾಹ್ನ ತಣ್ಣೀರು ಬಿಟ್ರೆ ಪಟಾರ್ ಅಂತ ಒಡೆಯುತ್ತೆ. ಅಕಸ್ಮಾತ್ ಖಾಲಿಯಾದ್ರೆ ಸೂರ್ಯ ಮುಳುಗಿ ತಣ್ಣಗಾದ್ಮೇಲೇ ತುಂಬಬೇಕು. ಚಿತ್ರದುರ್ಗದಲ್ಲಿ ಕೋಟೆ ಆಸುಪಾಸಿನ ಮನೆಯವ್ರು ಮಂಗಗಳ ಕಾಟಕ್ಕೆ ಟ್ಯೂಬ್ ಮೇಲೆ ಜಾಲರಿ ಹಾಕ್ಸಬೇಕು, ನಿಟ್ಟುವಳ್ಳೀಲಿ ಆ ಚಿಂತೆ ಇಲ್ಲ ಅನ್ಕೊಂಡಿದೀನಿ. ಮೇಲಿನ ಮಹಡಿಗೆ ಪ್ರೆಷರ್ ಪಂಪ್ ಹಾಕ್ಸೋದಾದ್ರೆ ಆ ಲೈನ್ ಸಾಧಾರಣ ಟ್ಯೂಬ್ ಸೋಲಾರಿಗೆ ಕೊಡಬಾರ್ದು, ಅದು ಬರೀ ಟ್ಯಾಂಕಿನ ಎತ್ತರದ ಒತ್ತಡಕ್ಕೆ ಮಾಡಿರೋದು.

300 ಲೀಟರ್ ಬೇಕಾ? ನಿಮ್ಮ ಲೆಕ್ಕ 100, ಡಿಸೆಂಬರಲ್ಲಿ ಬಿಸಿ ಕಮ್ಮಿ ಆಗೋದು, ಪೈಪಲ್ಲಿ ನಿಲ್ಲೋದು, ತಲೆ ಸ್ನಾನದ ದಿನ, ನೆಂಟ್ರು ಎಲ್ಲಾ ಸೇರ್ಸಿದ್ರೂ 200 ಲೀಟರಿಗೆ ಮುಗೀತು. ದೊಡ್ಡದಿದ್ರೆ ಒಳ್ಳೇದಲ್ವಾ ಅಂತೀರಿ, ನಮ್ಮ ಏಪ್ರಿಲ್ ಬಿಸಿಲಿಗೆ ಉಪಯೋಗಿಸದೇ ಉಳಿದ ನೀರು 80 ಡಿಗ್ರಿ ಮೇಲಕ್ಕೋಗುತ್ತೆ, ಆ ಬಿಸಿಗೆ ಸುಣ್ಣ ಇನ್ನೂ ಜಾಸ್ತಿ ಕೂರುತ್ತೆ, ಮಕ್ಕಳು ಗೊತ್ತಿಲ್ದೆ ನಲ್ಲಿ ತಿರುಗಿಸಿದ್ರೆ ಕೈ ಬೊಬ್ಬೆ. ಒಳಗಿನ ಟ್ಯಾಂಕ್ ಬಗ್ಗೆ, ಲ್ಯಾಬಲ್ಲಿ ಕ್ಲೋರೈಡ್ ಜಾಸ್ತಿ ಬಂದ್ರೆ ಸಾಧಾರಣ ಸ್ಟೀಲ್ ತಗೋಬ್ಯಾಡ್ರಿ, ವೆಲ್ಡಿಂಗ್ ಹತ್ರ ಸೂಜಿ ತೂತು ಬೀಳುತ್ತೆ, ಒಳಗೆ ಎನಾಮಲ್ ಗಾಜಿನ ಲೇಪ ಇರೋದು ತಗೊಳ್ರಿ.

ಸೋಲಾರ್ ಟ್ಯಾಂಕೊಳಗೇ ಕರೆಂಟ್ ಕಾಯಿಲ್ ಇರ್ಲಿ, ಮೋಡ ಇದ್ದಾಗ ಹಾಕ್ಕೋಬಹುದು ಅಂತ ಅಂಗಡಿಯವರು ಹೇಳ್ತಾರೆ. ಬ್ಯಾಡ. 200 ಲೀಟರನ್ನ 30 ಡಿಗ್ರಿ ಏರ್ಸೋಕೆ 7 ಯೂನಿಟ್ ಬೇಕು, ಒಬ್ರು ಸ್ನಾನಕ್ಕೂ ಅಷ್ಟೂ ನೀರು ಕಾಯಬೇಕು. ಬಚ್ಚಲಲ್ಲೇ ಇರೋ 15 ಲೀಟರ್ ಗೀಸರಿಗೆ ಮುಕ್ಕಾಲು ಯೂನಿಟ್ ಸಾಕು. ಸೋಲಾರೇ ಇಲ್ದೆ ಬರೀ ಗೀಸರಲ್ಲಿ ಆರು ಜನದ ಸ್ನಾನ ಆದ್ರೆ ಚಳಿಗಾಲದಲ್ಲಿ ದಿನಕ್ಕೆ ಐದು ಯೂನಿಟ್, ತಿಂಗಳಿಗೆ 150 ಹತ್ರ ಹೋಗುತ್ತೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಫ್ರಿಜ್ಜು ಫ್ಯಾನು ಸೇರಿ ಸುಲಭವಾಗಿ ದಾಟುತ್ತೆ.

ಗ್ಯಾಸ್ ಗೀಸರ್ ನೀವು ಕೇಳಿಲ್ಲ, ಆದ್ರೂ ಹೇಳ್ಲೇಬೇಕು, ಇದರಲ್ಲಿ ಜೀವ ಹೋಗುತ್ತೆ. ಬಿಸಿನೀರು ಧಾರಾಳ ಬರುತ್ತೆ, ಕರೆಂಟ್ ಬ್ಯಾಡ, ನಿಜ. ಆದ್ರೆ ಬಾಗ್ಲು ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಉರಿದ್ರೆ ಆಮ್ಲಜನಕ ಕಮ್ಮಿಯಾಗಿ ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರಲ್ಲ, ಸುಮ್ನೆ ಮಂಪರು ಬಂದು ಬಿದ್ದೋಗ್ತಾರೆ. ಒಳಗೆ ಚಿಲಕ ಹಾಕಿರೋದ್ರಿಂದ ಹೊರಗಿನೋರಿಗೆ ಗೊತ್ತಾಗೋದೇ ತಡ. ಹಾಕ್ಲೇಬೇಕು ಅಂದ್ರೆ ಗೀಸರ್ ಬಚ್ಚಲ ಹೊರಗೆ, ಬಯಲಿಗೆ ತೆರೆದಿರೋ ಜಾಗದಲ್ಲಿ, ಬರೀ ಪೈಪ್ ಮಾತ್ರ ಒಳಗೆ. ಸಣ್ಣ ಎಕ್ಸಾಸ್ಟ್ ಫ್ಯಾನ್ ಇದೆ ಪರ್ವಾಗಿಲ್ಲ ಅಂತ ಯಾರು ಹೇಳಿದ್ರೂ ಒಪ್ಪಬ್ಯಾಡ್ರಿ.

ಅತ್ತೆಯವ್ರ ನೀರೊಲೆ ವಿಷಯಕ್ಕೂ ಇದೇ ಮಾತು. ಹಿತ್ತಲಲ್ಲಿ ಗಾಳಿ ಆಡೋ ಕಡೆ, ಮಾಡಿಗಿಂತ ಮೇಲೆ ಹೋಗೋ ಹೊಗೆ ಕೊಳವೆ ಇಟ್ಟು ಕಟ್ಸಿದ್ರೆ ನಾನು ಬ್ಯಾಡ ಅನ್ನಲ್ಲ. ಹಳ್ಳೀಲಿ ಹೊಲ ಇದ್ರೆ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ತೆಂಗಿನ ಮಟ್ಟೆ ಪುಕ್ಕಟೆ ಬರುತ್ತೆ, ಮಳೆಗಾಲದಲ್ಲಿ ವಾರಗಟ್ಲೆ ಮೋಡ ಇದ್ದಾಗ ದೊಡ್ಡ ಹಂಡೆ ನೀರು ಎಲ್ರಿಗೂ ಆಗುತ್ತೆ. ಆದ್ರೆ ಬೆಳಗ್ಗೆ 5ಕ್ಕೆ ಮಂಡಿ ಬಗ್ಗಿಸಿ ಒಲೆ ಊದೋದು, ಕಾದ ನೀರು ಹೊತ್ಕೊಂಡು ಒದ್ದೆ ಬಚ್ಚಲಿಗೆ ಬರೋದು ವಯಸ್ಸಾದೋರಿಗೆ ಒಳ್ಳೇದಲ್ಲ. ಅವ್ರ ಬಚ್ಚಲಿಗೆ 15 ಲೀಟರ್ ಗೀಸರ್ ಹಾಕ್ಸಿ, ಸ್ವಿಚ್ಚು ಬಚ್ಚಲ ಹೊರಗೆ ಕೈಗೆ ಸಿಗೋ ಎತ್ತರದಲ್ಲಿ ಇಡ್ಸಿ, ಬಕೆಟಿಗೆ ತಣ್ಣೀರು ಮೊದ್ಲು ಬಿಡೋ ಅಭ್ಯಾಸ ಮಾಡ್ಸಿ. 60 ಡಿಗ್ರಿ ನೀರು ವಯಸ್ಸಾದ ಚರ್ಮಕ್ಕೆ ಕೆಲವೇ ಸೆಕೆಂಡಲ್ಲಿ ಸುಟ್ಟ ಗಾಯ ಮಾಡುತ್ತೆ.

ಹಂಗಂತ ಥರ್ಮೋಸ್ಟಾಟ್ 40ಕ್ಕೆ ಇಳಿಸಬ್ಯಾಡ್ರಿ, ಕರೆಂಟ್ ಉಳಿಯುತ್ತೆ ಅಂತ ಕೆಲವ್ರು ಹೇಳ್ತಾರೆ, ಆದ್ರೆ ಬೆಚ್ಚಗೆ ನಿಂತ ನೀರಲ್ಲಿ ಶ್ವಾಸಕೋಶಕ್ಕೆ ತೊಂದ್ರೆ ಕೊಡೋ ಬ್ಯಾಕ್ಟೀರಿಯಾ ಬೆಳೆಯುತ್ತೆ. 55ರಿಂದ 60ರ ನಡುವೆ ಇರ್ಲಿ, 75ಕ್ಕೆ ಏರ್ಸಬ್ಯಾಡ್ರಿ, ಸುಣ್ಣ ಕೂರುತ್ತೆ.

ಹೊರಗಿನ ಗಾಳಿಯ ಬಿಸಿ ಎಳ್ಕೊಂಡು ನೀರು ಕಾಯಿಸೋ ಹೀಟ್ ಪಂಪ್ ಅಂತ ಬಂದಿದೆ, ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿನಷ್ಟು ಬಿಸಿ ಕೊಡುತ್ತೆ, ಹಾಸ್ಟೆಲ್ಲು ಲಾಡ್ಜಿಗೆ ಚೆನ್ನಾಗಿದೆ, ನಿಮ್ಮನೆಗೆ ಆ ಖರ್ಚು ಬ್ಯಾಡ.

ಗೀಸರ್ ತಗೊಳ್ಳುವಾಗ ಕರೆಂಟ್ ಉಳಿತಾಯ ತೋರ್ಸೋ ಬಿಇಇ ಸ್ಟಾರ್ ಲೇಬಲ್ ಜೊತೆ ಕೇಳಬೇಕಾಗಿರೋದು ಆನೋಡ್ ರಾಡ್. ಒಳಗೆ ಮೆಗ್ನೀಸಿಯಂದು ಒಂದು ಕಡ್ಡಿ ಇರುತ್ತೆ, ಟ್ಯಾಂಕಿನ ಬದಲು ತಾನು ಸವೀತಾ ಹೋಗುತ್ತೆ, ಅದು ಮುಗಿದ ದಿನದಿಂದ ತುಕ್ಕು ಟ್ಯಾಂಕಿಗೆ ಹಿಡಿಯುತ್ತೆ. ನಮ್ಮ ನೀರಿಗೆ ವರ್ಷಕ್ಕೊಂದ್ಸಲ ಬಿಚ್ಚಿ ನೋಡ್ಲೇಬೇಕು, ಆಗ್ಲೇ ಚಕ್ಕೆನೂ ತೆಗೆಸ್ರಿ. ಸಿಟ್ರಿಕ್ ಆಸಿಡ್, ಅದೇ ನಿಂಬೆ ಉಪ್ಪು, ಸಾಕು. ಟಾಯ್ಲೆಟ್ ತೊಳ್ಯೋ ಆಸಿಡ್ ಹಾಕೋಕೆ ಬಂದ್ರೆ ಬಾಗ್ಲಲ್ಲೇ ನಿಲ್ಲಿಸ್ರಿ, ಸುಣ್ಣದ ಜೊತೆ ಟ್ಯಾಂಕೂ ಕರಗುತ್ತೆ. ಸೇಫ್ಟಿ ವಾಲ್ವಿಂದ ಹನಿ ಹನಿ ನೀರು ಬೀಳೋದು ಸಹಜ, ನೀರು ಕಾದಾಗ ಹಿಗ್ಗುತ್ತಲ್ಲ, ಅದನ್ನ ಯಾರೂ ಮೊಳೆ, ಎಂಸೀಲ್ ಹಾಕಿ ಮುಚ್ಚದಂಗೆ ನೋಡ್ಕೊಳ್ರಿ, ಮುಚ್ಚಿದ ಗೀಸರ್ ಸಿಡಿಯುತ್ತೆ. ಅರ್ತಿಂಗ್ ಸರಿ ಇರ್ಬೇಕು, ಬಚ್ಚಲ ಲೈನಿಗೆ 30 ಮಿಲಿಆಂಪ್ಸ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್ಚು, ಇರ್ಬೇಕು, ಲವಣ ಜಾಸ್ತಿ ಇರೋ ನೀರಲ್ಲಿ ಕರೆಂಟೂ ಚೆನ್ನಾಗಿ ಹರಿಯುತ್ತೆ.

ಹಂಗಾಗಿ ನನ್ನ ಲೆಕ್ಕ: 200 ಲೀಟರ್ ಗಾಜಿನ ಟ್ಯೂಬ್ ಸೋಲಾರ್, ಅದಕ್ಕೂ ಗೀಸರಿಗೂ ಸೇರಿ 500 ಲೀಟರ್ ಮೆದು ನೀರಿನ ಟ್ಯಾಂಕ್, ಅತ್ತೆ ಬಚ್ಚಲಿಗೆ 15, ಮಕ್ಕಳ ಬಚ್ಚಲಿಗೆ 25. ಮೂರನೇದಕ್ಕೆ ಪಾಯಿಂಟ್ ಮಾತ್ರ ಬಿಡ್ಸಿ, ಎರಡು ಚಳಿಗಾಲ ನೋಡಿ ಬೇಕಾದ್ರೆ ಹಾಕ್ಸಿ. ಬಿಸಿನೀರಿಗೆ ಬಿಸಿ ತಡ್ಕೊಳ್ಳೋ ಸಿಪಿವಿಸಿ ಪೈಪೇ ಹಾಕ್ಸಬೇಕು, ಸಾಧಾರಣ ಪಿವಿಸಿ ಬಿಸಿಗೆ ಮೆತ್ತಗಾಗುತ್ತೆ. ಮುಕ್ಕಾಲು ಇಂಚಿನ ಪೈಪಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತೆ, ಸೋಲಾರಿಂದ ಕೆಳಗಿನ ಬಚ್ಚಲಿಗೆ 20 ಮೀಟರ್ ಸುತ್ತಿ ಬಂದ್ರೆ ದಿನಾ ಬೆಳಗ್ಗೆ 5 ಲೀಟರ್ ತಣ್ಣೀರು ಬಿಟ್ಮೇಲೇ ಬಿಸಿ ಬರೋದು, ಅದಕ್ಕೇ ಅತ್ತೆಗೆ ಬೇರೆ ಗೀಸರ್ ಅಂದಿದ್ದು. ಪೈಪ್ ಹತ್ತಿರದ ದಾರೀಲಿ ಇಳಿಸೋಕೆ ಪ್ಲಂಬರಿಗೆ ಹೇಳ್ರಿ, ಬಿಸಿಲಲ್ಲಿರೋ ಭಾಗಕ್ಕೆ ಇನ್ಸುಲೇಷನ್ ಸುತ್ತಿಸ್ರಿ. ಈ ವಾರ ಎರಡು ಬಾಟ್ಲಿ ತೊಳ್ದು, ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಕಾರ್ಪೊರೇಷನ್ ನೀರು ತುಂಬಿ ಲ್ಯಾಬಿಗೆ ಕೊಡ್ರಿ. ಬೋರ್ ನೀರಿನ ಗಡಸುತನ 300ರ ಒಳಗೆ ಬಂತು ಅಂದ್ರೆ ಆ 500 ಲೀಟರ್ ಟ್ಯಾಂಕಿನ ಖರ್ಚೂ ನಿಮಗೆ ಬ್ಯಾಡ.